ಮತಯಂತ್ರದ ಮೇಲೆ ಅನುಮಾನವಿದ್ದರೆ ಬೆಳಿಗ್ಗೆ ಐದೂವರೆಗೆ ಮತಗಟ್ಟೆಯಲ್ಲಿರಿ: ಏಜೆಂಟರಿಗೂ ಮತದಾರರಿಗೂ ಒಂದು ಕೈಪಿಡಿ

ಫಲಿತಾಂಶ ಪ್ರಕಟವಾದ ಸಂಜೆ ಸೋತವರ ಕಡೆಯಿಂದ "ಮತಯಂತ್ರದಲ್ಲೇ ಏನೋ ಆಗಿದೆ" ಎಂಬ ಮಾತು ಕೇಳಿಬರುವುದೂ, ಗೆದ್ದವರು ಅದನ್ನು ತಳ್ಳಿಹಾಕುವುದೂ ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಮುಂದಿನ ಚುನಾವಣೆಯಲ್ಲಿ ಸೋಲು ಗೆಲುವು ಅದಲುಬದಲಾದರೆ ಮಾತುಗಳೂ ಅದಲುಬದಲಾಗುತ್ತವೆ. ಆದರೆ ಎರಡೂ ಕಡೆಯವರಲ್ಲಿ ಎಷ್ಟು ಮಂದಿ ತಮ್ಮ ಮತಗಟ್ಟೆಯಲ್ಲಿ ದಾಖಲಾದ ಮತಗಳ ಲೆಕ್ಕಪತ್ರವಾದ ನಮೂನೆ 17ಸಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ಮಾತಾಡುತ್ತಾರೆ ಎಂದು ನೋಡಿದರೆ ನಿರಾಶೆಯಾಗುತ್ತದೆ. ಕೆಲವು ಚುನಾವಣೆಗಳಲ್ಲಿ ಅಭ್ಯರ್ಥಿಯ ಪರವಾಗಿ ಮತಗಟ್ಟೆ ಏಜೆಂಟನಾಗಿ ಕುಳಿತ ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ಯಂತ್ರದ ಒಳಗನ್ನು ನಾವು ನೋಡಲಾರೆವು, ಆದರೆ ಅದರ ಸುತ್ತ ನಡೆಯುವ ಪ್ರತಿಯೊಂದು ಕೆಲಸವನ್ನೂ ನೋಡಿ, ಬರೆದಿಟ್ಟುಕೊಂಡು, ತಾಳೆ ಹಾಕುವ ಹಕ್ಕನ್ನು ನಿಯಮಗಳೇ ನಮಗೆ ಕೊಟ್ಟಿವೆ. ಆ ಹಕ್ಕನ್ನು ಚಲಾಯಿಸುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ. ಇಲ್ಲಿ ಹೇಳಿರುವುದು ಭಾರತ ಚುನಾವಣಾ ಆಯೋಗ ನಡೆಸುವ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳ ಬಗ್ಗೆ. ಪಂಚಾಯಿತಿ ಮತ್ತು ನಗರಸಭೆಗಳದ್ದು ರಾಜ್ಯ ಚುನಾವಣಾ ಆಯೋಗದ ವ್ಯಾಪ್ತಿ. ಅಲ್ಲಿ ಮತಪತ್ರಕ್ಕೆ ಮರಳಬೇಕೆಂದು ಕರ್ನಾಟಕದ ಸಚಿವ ಸಂಪುಟ 2025ರಲ್ಲಿ ಶಿಫಾರಸು ಮಾಡಿದೆ.

ಅನುಮಾನ ಯಾವ ಬಗೆಯದು?

ಅನುಮಾನಪಡುವುದು ತಪ್ಪಲ್ಲ. 2009ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯವು ಅಲ್ಲಿ ಬಳಸಿದ್ದ ಮತಯಂತ್ರಗಳ ಬಳಕೆ ಸಂವಿಧಾನಬಾಹಿರವೆಂದು ತೀರ್ಪು ಕೊಟ್ಟಾಗ, ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕು ಎಂಬುದೇ ಅದರ ಆಧಾರವಾಗಿತ್ತು. 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ನೆದರ್ಲೆಂಡ್ಸಿನ ರಾಪ್ ಗಾಂಗ್‌ಗ್ರೈಪ್ ಅವರ ತಂಡವು ನಮ್ಮ ಹಳೆಯ ಮಾದರಿಯ ಯಂತ್ರವೊಂದನ್ನು ಬಿಚ್ಚಿ, ಸಂಖ್ಯೆ ತೋರಿಸುವ ಫಲಕವನ್ನೇ ಬದಲಿಸಿ ಸುಳ್ಳು ಫಲಿತಾಂಶ ತೋರಿಸಬಹುದೆಂದೂ, ಮೆಮೊರಿ ಚಿಪ್‌ಗೆ ಪುಟ್ಟ ಸಾಧನವೊಂದನ್ನು ಕಚ್ಚಿಸಿ ಮತಗಳನ್ನು ತಿದ್ದಬಹುದೆಂದೂ ತೋರಿಸಿತು. ಇವೆರಡಕ್ಕೂ ಯಂತ್ರ ಕೈಗೆ ಸಿಗಬೇಕು ಎಂಬುದನ್ನು ಗಮನಿಸಿ. ನಮ್ಮ ಯಂತ್ರ ಅಂತರ್ಜಾಲಕ್ಕಾಗಲಿ ಬೇರೆ ಯಾವುದೇ ಜಾಲಕ್ಕಾಗಲಿ ಜೋಡಣೆಯಾಗಿರುವುದಿಲ್ಲ. ಆದ್ದರಿಂದ ದೂರದಲ್ಲೆಲ್ಲೋ ಕುಳಿತವರು "ಹ್ಯಾಕ್" ಮಾಡುತ್ತಾರೆ ಎಂಬ ಕಥೆಗಿಂತ, ಯಂತ್ರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆಗೇ ಹೆಚ್ಚು ತೂಕ. ಸುಪ್ರೀಂ ಕೋರ್ಟ್ ಕೂಡ 2013ರ ಅಕ್ಟೋಬರ್‌ನಲ್ಲಿ ಕಾಗದದ ಸಾಕ್ಷ್ಯವಿಲ್ಲದೆ ಮತದಾರನ ವಿಶ್ವಾಸ ಉಳಿಯದೆಂದು ಹೇಳಿದ ಮೇಲೆಯೇ ವಿವಿಪ್ಯಾಟ್, ಅಂದರೆ ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಘಟಕ, ವ್ಯಾಪಕವಾಗಿ ಬಂದದ್ದು.

ಇನ್ನೊಂದು ಬಗೆಯ ದೋಷವಿದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಎಂಬ ಹಳ್ಳಿಯಲ್ಲಿ 2022ರ ನವೆಂಬರ್‌ನಲ್ಲಿ ಸರಪಂಚ ಚುನಾವಣೆ ನಡೆಯಿತು. ಒಂದು ಮತಗಟ್ಟೆಯಲ್ಲಿ ಇಬ್ಬರು ಅಭ್ಯರ್ಥಿಗಳ ಮತಗಳನ್ನು ಅಧಿಕಾರಿ ಕಾಗದದ ಮೇಲೆ ಅದಲುಬದಲಾಗಿ ಬರೆದಿದ್ದರು. ಯಂತ್ರದೊಳಗಿನ ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೆ ಸುಪ್ರೀಂ ಕೋರ್ಟ್ ಯಂತ್ರಗಳನ್ನು ತನ್ನ ಆವರಣಕ್ಕೇ ತರಿಸಿ ಮರುಎಣಿಕೆ ಮಾಡಿಸಿತು; 1051 ಮತ ಪಡೆದವರು ಸೋತವರಾಗಿಯೂ 1000 ಮತ ಪಡೆದವರು ಗೆದ್ದವರಾಗಿಯೂ ಇದ್ದದ್ದು ಸರಿಯಾಗಲು 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಕೆಳಗೆ ಹೇಳುವ ಪರಿಶೀಲನೆಗಳು ಯಂತ್ರದ ಮೋಸವನ್ನು ಹೇಗೋ ಹಾಗೆಯೇ ಇಂಥ ಬರವಣಿಗೆಯ ತಪ್ಪನ್ನೂ ಹಿಡಿಯುತ್ತವೆ.

ಮತದಾನಕ್ಕೆ ಮೊದಲು: ಕ್ರಮಸಂಖ್ಯೆಗಳ ಪಟ್ಟಿ

ನಮ್ಮ ಮತಯಂತ್ರಗಳನ್ನು ತಯಾರಿಸುವುದು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಚುನಾವಣೆಗೆ ಮೊದಲು ಈ ಕಂಪನಿಗಳ ಎಂಜಿನಿಯರುಗಳು ಜಿಲ್ಲೆಯ ಗೋದಾಮಿನಲ್ಲಿ ಮಾನ್ಯತೆ ಪಡೆದ ಪಕ್ಷಗಳ ಪ್ರತಿನಿಧಿಗಳ ಎದುರು ಮೊದಲ ಹಂತದ ತಪಾಸಣೆ ನಡೆಸುತ್ತಾರೆ. ತೇರ್ಗಡೆಯಾದ, ಮತಗಳನ್ನು ದಾಖಲಿಸಿಡುವ ಕಂಟ್ರೋಲ್ ಯೂನಿಟ್‌ಗೆ ಗುಲಾಬಿ ಬಣ್ಣದ ಕಾಗದದ ಮುದ್ರೆ ಬೀಳುತ್ತದೆ. ಅದರ ಮೇಲೆ ಪ್ರತಿನಿಧಿಗಳೂ ಸಹಿ ಹಾಕಬಹುದು. ಆಮೇಲೆ ಎರಡು ಸಲ ಯಾದೃಚ್ಛಿಕ ಹಂಚಿಕೆ ನಡೆಯುತ್ತದೆ: ಮೊದಲನೆಯದರಲ್ಲಿ ಯಾವ ಯಂತ್ರ ಯಾವ ವಿಧಾನಸಭಾ ಕ್ಷೇತ್ರಕ್ಕೆ, ಎರಡನೆಯದರಲ್ಲಿ ಯಾವ ಮತಗಟ್ಟೆಗೆ ಎಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಎರಡೂ ಪಟ್ಟಿಗಳನ್ನು ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಕೊಡಲೇಬೇಕು.

ಈ ಪಟ್ಟಿಯನ್ನು ಪಕ್ಷದ ಕಚೇರಿಯ ಕಡತದಲ್ಲಿ ಮಡಚಿಡಬೇಡಿ. ನಿಮ್ಮ ಮತಗಟ್ಟೆಯ ಕಂಟ್ರೋಲ್ ಯೂನಿಟ್, ಮತದಾರರು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್ ಮೂರರ ಕ್ರಮಸಂಖ್ಯೆಯನ್ನೂ ಒಂದು ಚೀಟಿಯ ಮೇಲೆ ಬರೆದು ಏಜೆಂಟರ ಜೇಬಿಗೆ ಸೇರಿಸಿ. ಕಾಯ್ದಿರಿಸಿದ ಯಂತ್ರಗಳ ಪಟ್ಟಿಯನ್ನೂ ಕೇಳಿ ಪಡೆಯಿರಿ. ಮತದಾನದ ಮರುದಿನ "ಲಾರಿಯಲ್ಲಿ ಮತಯಂತ್ರ ಸಾಗಿಸುತ್ತಿದ್ದಾರೆ" ಎಂಬ ವಿಡಿಯೊಗಳು ಹರಿದಾಡುವುದು ನಿಮಗೆ ಗೊತ್ತೇ ಇದೆ. ಆ ಪೆಟ್ಟಿಗೆಯ ಮೇಲಿನ ಸಂಖ್ಯೆ ನಿಮ್ಮ ಪಟ್ಟಿಯಲ್ಲಿ ಮತದಾನಕ್ಕೆ ಬಳಸಿದ ಯಂತ್ರದ್ದೋ, ಬಳಸದೆ ಉಳಿದ ಯಂತ್ರದ್ದೋ ಎಂದು ನೋಡಿದರೆ ಎರಡು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಪಟ್ಟಿಯಿಲ್ಲದಿದ್ದರೆ ಎರಡು ವಾರ ಜಗಳವಾಡಿದರೂ ತಿಳಿಯದು.

ಅಭ್ಯರ್ಥಿಗಳ ಹೆಸರು ಅಂತಿಮವಾದ ಮೇಲೆ ಯಂತ್ರಗಳನ್ನು ಸಜ್ಜುಗೊಳಿಸುವ ದಿನ ತಪ್ಪದೆ ಹಾಜರಿರಿ. ಬ್ಯಾಲೆಟ್ ಯೂನಿಟ್‌ಗೆ ಗೊತ್ತಿರುವುದು ಗುಂಡಿಯ ಕ್ರಮಸಂಖ್ಯೆ ಮಾತ್ರ, ಯಾವ ಗುಂಡಿ ಯಾವ ಪಕ್ಷದ್ದೆಂದು ಅದಕ್ಕೆ ತಿಳಿಯದು ಎಂಬುದು ಈ ವ್ಯವಸ್ಥೆಯ ದೊಡ್ಡ ಸಮರ್ಥನೆಯಾಗಿತ್ತು. ಆದರೆ ವಿವಿಪ್ಯಾಟ್ ಚೀಟಿ ಮುದ್ರಿಸಬೇಕಾದರೆ ಹೆಸರು ಮತ್ತು ಚಿಹ್ನೆಗಳನ್ನು ಅದರೊಳಗೆ ತುಂಬಬೇಕು, ಆ ಕೆಲಸ ಈ ದಿನ ನಡೆಯುತ್ತದೆ. ತಜ್ಞರ ಆಕ್ಷೇಪವಿರುವುದು ಮುಖ್ಯವಾಗಿ ಈ ಹಂತದ ಬಗ್ಗೆಯೇ, ಮತ್ತು ಅದು ನ್ಯಾಯವಾದ ಆಕ್ಷೇಪವೆಂದು ನನಗನ್ನಿಸುತ್ತದೆ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಚಿಹ್ನೆ ತುಂಬುವ ಸಾಧನಗಳನ್ನೂ ಮೊಹರು ಮಾಡಿ ಫಲಿತಾಂಶದ ನಂತರ ಕನಿಷ್ಠ 45 ದಿನ ಮತಯಂತ್ರಗಳ ಜೊತೆಯಲ್ಲೇ ಕಾಪಾಡಬೇಕೆಂದು ಆದೇಶಿಸಿತು. ಸಜ್ಜುಗೊಳಿಸುವ ದಿನ ಶೇಕಡ 5ರಷ್ಟು ಯಂತ್ರಗಳಲ್ಲಿ ತಲಾ 1000 ಅಣಕು ಮತ ಹಾಕಿ ಚೀಟಿಗಳೊಂದಿಗೆ ತಾಳೆ ನೋಡಲಾಗುತ್ತದೆ. ಆ ಯಂತ್ರಗಳನ್ನು ಆರಿಸುವಾಗ ಏಜೆಂಟರು ಮುಂದೆ ಬಂದು ತಾವೇ ಆರಿಸಬೇಕು.

ಅಣಕು ಮತದಾನ: ಇಡೀ ದಿನದ ಮುಖ್ಯ ಗಳಿಗೆ

ಮತಗಟ್ಟೆ ಏಜೆಂಟರಾಗಲು ಅಭ್ಯರ್ಥಿಯಿಂದ ನಮೂನೆ 10ರಲ್ಲಿ ನೇಮಕ ಪತ್ರ ಬೇಕು. ಮತದಾನ 7 ಗಂಟೆಗೆ ಆರಂಭವಾಗುವುದಾದರೆ ಅಣಕು ಮತದಾನ ಅದಕ್ಕಿಂತ 90 ನಿಮಿಷ ಮೊದಲು, ಅಂದರೆ 5.30ಕ್ಕೆ ಶುರುವಾಗುತ್ತದೆ. ಏಜೆಂಟರು ಬಾರದಿದ್ದರೆ ಮತಗಟ್ಟೆಯ ಹೊಣೆ ಹೊತ್ತ ಅಧ್ಯಕ್ಷಾಧಿಕಾರಿ ಸುಮಾರು 15 ನಿಮಿಷ ಕಾದು ತಾವೇ ಮುಂದುವರಿಸುತ್ತಾರೆ. ಶಾಲೆಯ ಕೊಠಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿದ್ದೆಗಣ್ಣಿನ ನಾಲ್ವರು ಸಿಬ್ಬಂದಿ ಕೂತಿರುವಾಗ, ಏಜೆಂಟರ ಬೆಂಚು ಖಾಲಿಯಿರುವುದನ್ನು ನಾನು ಕಂಡಿದ್ದೇನೆ. ಏಳೂವರೆಗೆ ಬಂದ ಏಜೆಂಟರಿಗೆ ಆ ಯಂತ್ರದ ಬಗ್ಗೆ ಮಾತಾಡಲು ಉಳಿಯುವುದು ಸ್ವಲ್ಪವೇ.

ಮೊದಲು ಮೂರು ಘಟಕಗಳ ಕ್ರಮಸಂಖ್ಯೆಯನ್ನು ನಿಮ್ಮ ಚೀಟಿಯೊಂದಿಗೆ ಹೋಲಿಸಿ. ಬ್ಯಾಟರಿಯ ಮಟ್ಟ ಎಷ್ಟು ತೋರಿಸುತ್ತಿದೆಯೆಂದು ಬರೆದಿಟ್ಟುಕೊಳ್ಳಿ. 2024ರ ಹರಿಯಾಣ ಚುನಾವಣೆಯಲ್ಲಿ ಎಣಿಕೆಯ ದಿನವೂ ಕೆಲವು ಯಂತ್ರಗಳು ಶೇಕಡ 99 ತೋರಿಸಿದವೆಂದು ದೂರು ಎದ್ದಿತ್ತು, ವೋಲ್ಟೇಜ್ ಒಂದು ಮಿತಿಗಿಂತ ಇಳಿಯುವವರೆಗೂ ಫಲಕ 99 ಎಂದೇ ತೋರಿಸುತ್ತದೆ ಎಂದು ಆಯೋಗ ವಿವರಣೆ ಕೊಟ್ಟಿತು. ಬೆಳಗಿನ ಅಂಕಿ ನಿಮ್ಮ ಬಳಿಯಿದ್ದರೆ ಇಂಥ ಚರ್ಚೆಯಲ್ಲಿ ಊಹೆಗೆ ಜಾಗವಿರುವುದಿಲ್ಲ. ನಂತರ ಯಂತ್ರದಲ್ಲಿ ಎಲ್ಲ ಅಭ್ಯರ್ಥಿಗಳ ಮುಂದೆ ಸೊನ್ನೆ ಇರುವುದನ್ನೂ, ವಿವಿಪ್ಯಾಟ್‌ನ ಚೀಟಿ ಬೀಳುವ ಪೆಟ್ಟಿಗೆ ಖಾಲಿಯಿರುವುದನ್ನೂ ಕಣ್ಣಾರೆ ನೋಡಿ.

ಕನಿಷ್ಠ 50 ಅಣಕು ಮತಗಳನ್ನು ಹಾಕಬೇಕು, ನೋಟಾ ಸೇರಿ ಪ್ರತಿ ಗುಂಡಿಗೂ ಒಂದಾದರೂ ಮತ ಬೀಳಬೇಕು. ಇಲ್ಲಿ ನನ್ನದೊಂದು ಒತ್ತಾಯದ ಸಲಹೆಯಿದೆ. ಸಾಮಾನ್ಯವಾಗಿ ಏಜೆಂಟರು ಎಲ್ಲರಿಗೂ ಸಮನಾಗಿ, ತಲಾ ಐದೋ ಆರೋ ಮತ ಹಾಕಿ ಮುಗಿಸುತ್ತಾರೆ. ಹಾಗೆ ಮಾಡಿದರೆ ಒಂದನೆಯ ಗುಂಡಿಯ ಮತ ಎರಡನೆಯವರಿಗೂ ಎರಡನೆಯದು ಒಂದನೆಯವರಿಗೂ ಹೋದರೂ ಕೊನೆಯ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಬದಲಾಗಿ ಒಬ್ಬರಿಗೆ 3, ಇನ್ನೊಬ್ಬರಿಗೆ 11, ಮತ್ತೊಬ್ಬರಿಗೆ 7 ಹೀಗೆ ಬೇರೆ ಬೇರೆ ಸಂಖ್ಯೆಯಲ್ಲಿ, ಕ್ರಮವನ್ನೂ ಕಲಸಿ ಹಾಕಿ. ಒಬ್ಬ ಏಜೆಂಟ್ ಗುಂಡಿ ಒತ್ತುವಾಗ ಇನ್ನೊಬ್ಬರು ಯಾರಿಗೆಂದು ಗೀಟು ಹಾಕುತ್ತಾ ಹೋಗಲಿ. ಆಮೇಲೆ ಕ್ಲೋಸ್ ಗುಂಡಿ, ಬಳಿಕ ರಿಸಲ್ಟ್ ಗುಂಡಿ ಒತ್ತಿಸಿ, ಫಲಕದ ಮೇಲಿನ ಅಂಕಿ, ವಿವಿಪ್ಯಾಟ್ ಚೀಟಿಗಳ ಎಣಿಕೆ, ನಿಮ್ಮ ಗೀಟುಗಳ ಲೆಕ್ಕ ಮೂರೂ ಒಂದೇ ಆಗಿವೆಯೇ ಎಂದು ನೋಡಿ. ಯಾವ ಘಟಕ ಕೈಕೊಟ್ಟರೂ ಈ ಹಂತದಲ್ಲಿ ಅದೊಂದನ್ನೇ ಬದಲಿಸುತ್ತಾರೆ. ಹೊಸ ಘಟಕದ ಸಂಖ್ಯೆಯನ್ನೂ ಬರೆದುಕೊಳ್ಳಿ.

ಅದಾದ ಮೇಲೆ ಕ್ಲಿಯರ್ ಗುಂಡಿ ಒತ್ತಿ ಅಣಕು ಮತಗಳನ್ನು ಅಳಿಸಬೇಕು. ಅವಸರದಲ್ಲಿ ಮರೆತುಹೋಗುವ ಕೆಲಸವಿದು, ಮರೆತರೆ ಎಣಿಕೆಯ ದಿನ ಆ ಯಂತ್ರವನ್ನು ಪಕ್ಕಕ್ಕಿಡುವ ಪರಿಸ್ಥಿತಿ ಬರುತ್ತದೆ. ಆದ್ದರಿಂದ ಅಳಿಸಿದ ನಂತರ ಟೋಟಲ್ ಗುಂಡಿ ಒತ್ತಿಸಿ ಸೊನ್ನೆಯನ್ನು ಮತ್ತೊಮ್ಮೆ ತೋರಿಸಲು ಕೇಳಿ. ಅಣಕು ಚೀಟಿಗಳ ಹಿಂಬದಿಗೆ ಮುದ್ರೆ ಒತ್ತಿ ಕಪ್ಪು ಲಕೋಟೆಯಲ್ಲಿ ಹಾಕಿ ಮೊಹರು ಮಾಡುತ್ತಾರೆ. ರಿಸಲ್ಟ್ ಗುಂಡಿಯ ಭಾಗಕ್ಕೆ ಹಸಿರು ಕಾಗದದ ಮುದ್ರೆ ಬೀಳುತ್ತದೆ. ಅದರ ಮೇಲೆ ನೀವು ಸಹಿ ಹಾಕಬೇಕು, ಅದರ ಸಂಖ್ಯೆಯನ್ನು ನಕಲು ಮಾಡಿಕೊಳ್ಳಬೇಕು. ಎಣಿಕೆಯ ಮೇಜಿನ ಮೇಲೆ ನಿಮ್ಮ ಕಡೆಯವರು ಮೊದಲು ಹುಡುಕುವುದು ಇದೇ ಸಂಖ್ಯೆಯನ್ನು.

ಅಣಕು ಮತದಾನಕ್ಕೂ ಮಿತಿಯಿದೆ. ಕೆಟ್ಟ ಉದ್ದೇಶದಿಂದ ಬರೆದ ಪ್ರೋಗ್ರಾಂ ಬೆಳಿಗ್ಗೆ ಸರಿಯಾಗಿ ನಡೆದುಕೊಂಡು ಮಧ್ಯಾಹ್ನ ಬೇರೆಯಾಗಿ ವರ್ತಿಸುವುದು ತಾತ್ವಿಕವಾಗಿ ಸಾಧ್ಯ. ಆ ಸಾಧ್ಯತೆಗೆ ಎದುರಾಗಿ ನಿಲ್ಲುವುದು ಪ್ರತಿ ಮತದಾರನ ಕಣ್ಣು.

ಮತದಾರರಿಗೆ: ಆ ಏಳು ಸೆಕೆಂಡು

ನೀವು ಗುಂಡಿ ಒತ್ತಿದಾಗ ಕೆಂಪು ದೀಪ ಹೊತ್ತುತ್ತದೆ, ಪಕ್ಕದ ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿಯೊಂದು 7 ಸೆಕೆಂಡು ಕಾಣುತ್ತದೆ, ಆಮೇಲೆ ಕತ್ತರಿಸಿ ಕೆಳಗೆ ಬೀಳುತ್ತದೆ. ಬಹುತೇಕರು ಬೀಪ್ ಕೇಳಿದ ಕೂಡಲೇ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುಂಡಿ ಒತ್ತುವ ಮೊದಲೇ ನಿಮ್ಮ ಅಭ್ಯರ್ಥಿಯ ಕ್ರಮಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒತ್ತಿದ ಕೂಡಲೇ ಗಾಜಿನತ್ತ ಕಣ್ಣು ಹೊರಳಿಸಿ ಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ಓದಿ, ಚೀಟಿ ಬೀಳುವವರೆಗೂ ನಿಲ್ಲಿ. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಕನ್ನಡಕ ಮರೆಯದಂತೆ ಹಿಂದಿನ ದಿನವೇ ಹೇಳಿ.

ಚೀಟಿಯಲ್ಲಿ ಬೇರೆಯವರ ಹೆಸರು ಬಂದರೆ ಅಲ್ಲೇ, ಹೊರಗೆ ಹೋಗುವ ಮೊದಲೇ, ಅಧ್ಯಕ್ಷಾಧಿಕಾರಿಗೆ ತಿಳಿಸಿ. ಚುನಾವಣೆ ನಡೆಸುವ ನಿಯಮಗಳ 49ಎಂಎ ಅಡಿಯಲ್ಲಿ ನೀವು ಲಿಖಿತ ಘೋಷಣೆ ಕೊಟ್ಟರೆ, ಏಜೆಂಟರ ಎದುರು ಒಂದು ಪರೀಕ್ಷಾ ಮತ ಹಾಕಲು ಬಿಡುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳೆಂದು ಕಂಡರೆ ಶಿಕ್ಷೆಗೆ ಅವಕಾಶವಿದೆ. ಅದನ್ನು ಅಧಿಕಾರಿ ಮೊದಲೇ ಎಚ್ಚರಿಸುತ್ತಾರೆ. ಈ ಶಿಕ್ಷೆಯ ಹೆದರಿಕೆಯೇ ಜನರನ್ನು ಸುಮ್ಮನಾಗಿಸುತ್ತದೆ ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ: ಒಮ್ಮೆ ತಪ್ಪಿದ ಯಂತ್ರ ಎರಡನೆಯ ಸಲವೂ ತಪ್ಪಲೇಬೇಕೆಂದಿಲ್ಲ. ನಿಯಮ ಬದಲಾಗುವವರೆಗೆ ನಿಮಗಿರುವ ರಕ್ಷಣೆಯೆಂದರೆ ಚೀಟಿಯನ್ನು ಖಚಿತವಾಗಿ ಓದಿರುವುದು.

ಮತದಾನದ ನಡುವೆ ವಿವಿಪ್ಯಾಟ್ ಕೆಟ್ಟರೆ ಅದೊಂದನ್ನೇ ಬದಲಿಸುತ್ತಾರೆ. ಕಂಟ್ರೋಲ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮೂರೂ ಘಟಕಗಳನ್ನು ಬದಲಿಸಿ, ಪ್ರತಿ ಅಭ್ಯರ್ಥಿಗೆ ಒಂದೊಂದು ಅಣಕು ಮತ ಹಾಕಿ ಮುಂದುವರಿಯುತ್ತಾರೆ. ಏಜೆಂಟರು ಸಮಯ ಮತ್ತು ಆ ಕ್ಷಣದ ಒಟ್ಟು ಮತಗಳನ್ನು ದಾಖಲಿಸಬೇಕು.

ಸಂಜೆ: ನಮೂನೆ 17ಸಿ ಇಲ್ಲದೆ ಏಳಬೇಡಿ

ಕೊನೆಯ ಮತದಾರ ಮತ ಹಾಕಿದ ಮೇಲೆ ಅಧ್ಯಕ್ಷಾಧಿಕಾರಿ ಕ್ಲೋಸ್ ಗುಂಡಿ ಒತ್ತುತ್ತಾರೆ. ಅಲ್ಲಿಂದ ಮುಂದೆ ಆ ಯಂತ್ರ ಹೊಸ ಮತ ಸ್ವೀಕರಿಸುವುದಿಲ್ಲ. ಒತ್ತಿದ ಸಮಯವನ್ನೂ ಒಟ್ಟು ಮತಗಳನ್ನೂ ಬರೆದುಕೊಳ್ಳಿ. ನಂತರ ತುಂಬುವ ನಮೂನೆ 17ಸಿಯ ಮೊದಲ ಭಾಗದಲ್ಲಿ ಯಂತ್ರಗಳ ಕ್ರಮಸಂಖ್ಯೆ, ಮತದಾರರ ರಿಜಿಸ್ಟರಿನಲ್ಲಿ ನಮೂದಾದವರ ಸಂಖ್ಯೆ, ಸಹಿ ಮಾಡಿಯೂ ಮತ ಹಾಕಲು ನಿರಾಕರಿಸಿದವರು, ಪರೀಕ್ಷಾ ಮತಗಳು, ಯಂತ್ರದಲ್ಲಿ ದಾಖಲಾದ ಒಟ್ಟು ಮತಗಳು, ಕಾಗದದ ಮುದ್ರೆಗಳ ಸಂಖ್ಯೆ ಎಲ್ಲವೂ ಇರುತ್ತವೆ. ರಿಜಿಸ್ಟರಿನ ಲೆಕ್ಕದಿಂದ ಮತ ಹಾಕದವರನ್ನು ಕಳೆದರೆ ಯಂತ್ರದ ಲೆಕ್ಕ ಬರಬೇಕು. ಬರದಿದ್ದರೆ ಸಹಿ ಹಾಕುವ ಮೊದಲು ಕಾರಣ ಕೇಳಿ.

ಹಾಜರಿರುವ ಪ್ರತಿ ಏಜೆಂಟರಿಗೂ ಇದರ ದೃಢೀಕೃತ ಪ್ರತಿಯನ್ನು ಸ್ವೀಕೃತಿ ಪಡೆದು ಕೊಡಬೇಕೆಂದು 49ಎಸ್ ನಿಯಮ ಹೇಳುತ್ತದೆ. ಒಮ್ಮೆ ನನಗೆ "ಬಸ್ ಕಾಯುತ್ತಿದೆ, ಡಿಮಸ್ಟರಿಂಗ್ ಕೇಂದ್ರಕ್ಕೆ ಬನ್ನಿ, ಅಲ್ಲಿ ಕೊಡುತ್ತೇವೆ" ಎಂದರು (ಮತದಾನ ಮುಗಿದ ಮೇಲೆ ಸಿಬ್ಬಂದಿ ಯಂತ್ರಗಳನ್ನು ಒಪ್ಪಿಸುವ ಜಾಗವದು). ಬೆಳಗಿನಿಂದ ಊಟವಿಲ್ಲದೆ ದಣಿದ ಸಿಬ್ಬಂದಿಯ ಮೇಲೆ ಕೋಪಿಸಿಕೊಳ್ಳಲು ಮನಸ್ಸಾಗಲಿಲ್ಲ, ಆದರೆ ಬಾಗಿಲ ಬಳಿ ನಿಂತು ನಿಯಮದ ಸಂಖ್ಯೆ ಹೇಳಿದೆ. ಹತ್ತು ನಿಮಿಷದಲ್ಲಿ ಪ್ರತಿ ಸಿಕ್ಕಿತು. ನೀವೂ ಹಾಗೆಯೇ ಮಾಡಿ. ಖಾಲಿ ನಮೂನೆಗೆ ಮುಂಚಿತವಾಗಿ ಸಹಿ ಹಾಕುವುದಂತೂ ಬೇಡವೇ ಬೇಡ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ನಿಂತದ್ದು 1 ಮತದ ಮೇಲೆ, 2023ರಲ್ಲಿ ಜಯನಗರದ್ದು 16 ಮತಗಳ ಮೇಲೆ. ಇಂಥ ಕ್ಷೇತ್ರದಲ್ಲಿ ಯಾವ ಮತಗಟ್ಟೆಯ ಕಾಗದ ಬೇಕಾಗುತ್ತದೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಯಂತ್ರಗಳು ಹೋಗುವ ಸ್ಟ್ರಾಂಗ್ ರೂಮಿಗೆ ಎರಡು ಬೀಗ ಹಾಕುತ್ತಾರೆ. ಅಭ್ಯರ್ಥಿಗಳು ತಮ್ಮದೇ ಮೊಹರನ್ನೂ ಹಾಕಬಹುದು, ಸಿಸಿಟಿವಿ ಪರದೆಯ ಮುಂದೆ ಸರದಿಯಲ್ಲಿ ಕಾವಲು ಕೂರಬಹುದು. ಇಲ್ಲಿ ಬೇಕಾಗುವುದು ತಾಳ್ಮೆಯೊಂದೇ.

ಎಣಿಕೆಯ ಮೇಜಿನಲ್ಲಿ

ಎಣಿಕೆ ಏಜೆಂಟರ ನೇಮಕ ನಮೂನೆ 18ರಲ್ಲಿ. ಸಾಮಾನ್ಯವಾಗಿ 14 ಮೇಜುಗಳಿರುತ್ತವೆ, ಪ್ರತಿಯೊಂದಕ್ಕೂ ಒಬ್ಬರು ಬೇಕು. ಕಂಟ್ರೋಲ್ ಯೂನಿಟ್ ಬಂದ ಕೂಡಲೇ ಕ್ರಮಸಂಖ್ಯೆಯನ್ನೂ ಹಸಿರು ಮುದ್ರೆಯ ಸಂಖ್ಯೆಯನ್ನೂ ನಿಮ್ಮ 17ಸಿ ಪ್ರತಿಯೊಂದಿಗೆ ಹೋಲಿಸಿ, ಸಹಿ ಗುರುತಿಸಿ. ಒಟ್ಟು ಮತ ಹೊಂದದಿದ್ದರೆ ರಿಸಲ್ಟ್ ಗುಂಡಿ ಒತ್ತುವ ಮೊದಲೇ ಲಿಖಿತ ಆಕ್ಷೇಪ ಕೊಡಿ. ಅಭ್ಯರ್ಥಿವಾರು ಅಂಕಿಗಳು ಫಲಕದಲ್ಲಿ ಬೇಗ ಬೇಗ ಸಾಗುತ್ತವೆ. ತಪ್ಪಿಹೋದರೆ ಮತ್ತೊಮ್ಮೆ ತೋರಿಸಲು ಕೇಳಲು ಸಂಕೋಚ ಬೇಡ. ಕೊನೆಯಲ್ಲಿ 17ಸಿಯ ಎರಡನೆಯ ಭಾಗದಲ್ಲಿ ಅಧಿಕಾರಿ ಬರೆದ ಅಂಕಿ ಆಯಾ ಹೆಸರಿನ ಎದುರೇ ಇದೆಯೇ ಎಂದು ಬೆರಳಿಟ್ಟು ನೋಡಿ ಸಹಿ ಹಾಕಿ. ಬುವಾನಾ ಲಾಖುವಿನಂಥ ತಪ್ಪು ಹಿಡಿಯಬಹುದಾದ ಜಾಗ ಇದು.

ಎಲ್ಲ ಸುತ್ತು ಮುಗಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಲಾಗುತ್ತದೆ. ಮೊದಲು 1 ಇದ್ದದ್ದನ್ನು 5ಕ್ಕೆ ಏರಿಸಿದ್ದು 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್. ಗೆದ್ದವರು ಯಾರೆಂದು ತಿಳಿದ ಮೇಲೆ ನಡೆಯುವುದರಿಂದ ಏಜೆಂಟರು ಅಷ್ಟರಲ್ಲಿ ಮೆರವಣಿಗೆಗೋ ಮನೆಗೋ ಹೋಗಿರುತ್ತಾರೆ. ಹೋಗಬೇಡಿ. ಚೀಟಿಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ನಿಯಮದ ಪ್ರಕಾರ ಕಾಗದದ ಲೆಕ್ಕವೇ ಅಂತಿಮ.

ಈ ಐದರ ಮಾದರಿ ಎಷ್ಟು ಗಟ್ಟಿಯೆಂದು ಲೆಕ್ಕ ಹಾಕಿ ನೋಡೋಣ. ಕರ್ನಾಟಕದ 224 ಕ್ಷೇತ್ರಗಳಲ್ಲಿ ಒಟ್ಟು 1120 ವಿವಿಪ್ಯಾಟ್‌ಗಳ ಎಣಿಕೆಯಾಗುತ್ತದೆ. ರಾಜ್ಯದಾದ್ಯಂತ ವ್ಯಾಪಕ ಮೋಸ ನಡೆದರೆ ಇಷ್ಟರಲ್ಲಿ ಸಿಕ್ಕಿಬೀಳದಿರುವುದು ಅಸಾಧ್ಯವೆಂದೇ ಹೇಳಬಹುದು. ಆದರೆ 250 ಮತಗಟ್ಟೆಗಳಿರುವ ಒಂದೇ ಕ್ಷೇತ್ರದಲ್ಲಿ 25 ಯಂತ್ರಗಳನ್ನು ಕೆಡಿಸಿದರೆ, ಆರಿಸಿದ ಐದರಲ್ಲಿ ಕೆಟ್ಟದ್ದೊಂದಾದರೂ ಇರುವ ಸಾಧ್ಯತೆ ಶೇಕಡ 41ರಷ್ಟು ಮಾತ್ರ. ಆದ್ದರಿಂದ ಅಂತರ ಕಡಿಮೆಯಿರುವ ಕ್ಷೇತ್ರಗಳಲ್ಲಿ ಹೆಚ್ಚು ಚೀಟಿಗಳನ್ನು ಎಣಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೆಂದು ನಾನು ದೃಢವಾಗಿ ನಂಬಿದ್ದೇನೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಮನವಿಯನ್ನು 2024ರ ತೀರ್ಪು ತಳ್ಳಿಹಾಕಿತು. ಆದರೆ 56ಡಿ ನಿಯಮದಡಿ ಯಾವ ಮತಗಟ್ಟೆಯ ಚೀಟಿಗಳನ್ನಾದರೂ ಎಣಿಸಬೇಕೆಂದು ಅಭ್ಯರ್ಥಿ ಕಾರಣ ಕೊಟ್ಟು ಚುನಾವಣಾಧಿಕಾರಿಗೆ ಲಿಖಿತವಾಗಿ ಕೇಳಬಹುದು. ಆ ಅರ್ಜಿಗೆ ಬಲ ಬರುವುದು ಮೇಲೆ ಹೇಳಿದ ಚೀಟಿ, ಸಂಖ್ಯೆ, ಪ್ರತಿಗಳಿಂದ.

ಫಲಿತಾಂಶದ ನಂತರದ ಗಡುವುಗಳು

ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು ಫಲಿತಾಂಶದ 7 ದಿನದೊಳಗೆ ಶುಲ್ಕ ಕಟ್ಟಿ, ಪ್ರತಿ ವಿಧಾನಸಭಾ ಕ್ಷೇತ್ರದ ಶೇಕಡ 5ರಷ್ಟು ಯಂತ್ರಗಳ ಮೆಮೊರಿ ಮತ್ತು ಮೈಕ್ರೊಕಂಟ್ರೋಲರ್ (ಯಂತ್ರವನ್ನು ನಡೆಸುವ ಚಿಪ್) ಪರಿಶೀಲಿಸಲು ಕೋರಬಹುದು. ಯಂತ್ರ ತಿದ್ದಿದ್ದು ಸಾಬೀತಾದರೆ ಶುಲ್ಕ ಹಿಂದಿರುಗುತ್ತದೆ. ಯಾವ ಯಂತ್ರಗಳೆಂದು ಆರಿಸುವುದು ಅರ್ಜಿದಾರರೇ ಆದ್ದರಿಂದ, 17ಸಿಯಲ್ಲಿ ವ್ಯತ್ಯಾಸ ಕಂಡವು, ಮತದಾನದ ನಡುವೆ ಕೆಟ್ಟವು, ಮುದ್ರೆಯ ಬಗ್ಗೆ ಆಕ್ಷೇಪವಿದ್ದವು ಮೊದಲು ಬರಲಿ.

ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿಗೆ 45 ದಿನಗಳ ಗಡುವಿದೆ. ವಿಡಿಯೊ ದಾಖಲೆಗಳನ್ನು 45 ದಿನ ಕಾಪಾಡಿದರೆ ಸಾಕೆಂದು ಆಯೋಗವು 2025ರಲ್ಲಿ ಸೂಚಿಸಿದೆ. ಅರ್ಜಿ ಇದ್ದರೆ ಮಾತ್ರ ಅವು ಮುಂದೆಯೂ ಉಳಿಯುತ್ತವೆ. 2023ರಲ್ಲಿ 248 ಮತಗಳ ಅಂತರದಿಂದ ತೀರ್ಮಾನವಾದ ಮಾಲೂರು ಕ್ಷೇತ್ರದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಮರುಎಣಿಕೆಗೆ ಆದೇಶಿಸಿತು, ಮತ್ತು ಆ ವಿಚಾರಣೆಯಲ್ಲಿ ಎಣಿಕೆಯ ವಿಡಿಯೊ ಸಿಗದಿದ್ದದ್ದೇ ದೊಡ್ಡ ಪ್ರಶ್ನೆಯಾಗಿತ್ತು. ಹೀಗಾಗಿ ವಿಡಿಯೊ ಕಾಪಾಡಬೇಕೆಂಬ ಕೋರಿಕೆಯನ್ನು ಫಲಿತಾಂಶದ ವಾರದಲ್ಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿ ಮತಗಟ್ಟೆಗೆ ಒಂದರಂತೆ ಲಕೋಟೆ ಮಾಡಿ, ಅದರೊಳಗೆ ಕ್ರಮಸಂಖ್ಯೆಯ ಚೀಟಿ, ಅಣಕು ಮತದಾನದ ಗೀಟುಗಳ ಹಾಳೆ, 17ಸಿಯ ಎರಡೂ ಭಾಗಗಳು, ಕೊಟ್ಟ ಆಕ್ಷೇಪಗಳ ಪ್ರತಿ ಇಷ್ಟನ್ನೂ ಸೇರಿಸಿ, ಗೆದ್ದಿದ್ದರೂ ಸೋತಿದ್ದರೂ, 45 ದಿನ ದಾಟುವವರೆಗೆ ಬೀಗದಲ್ಲಿಡಿ.